ಮುಂಬಯಿ ಸ್ಕೈಲೈನ್ ಫೋಟೊ: ಎಲ್ಲಿ ನಿಂತರೆ ಯಾವ ಕಾಲದ ಊರು ಕಾಣುತ್ತದೆ?

ಮಾಟುಂಗಾ ಮಾಣಿ

ಎಲ್ಲರಿಗೂ ನಮಸ್ಕಾರ. ನಮ್ಮ ಸಂಘದ ಸ್ಮರಣ ಸಂಚಿಕೆಗೆ ಮುಂಬಯಿಯ ಸ್ಕೈಲೈನ್, ಅಂದರೆ ಆಕಾಶಕ್ಕೆ ಎದುರಾಗಿ ಕಾಣುವ ಕಟ್ಟಡಗಳ ಸಾಲಿನ ಫೋಟೊ ಬೇಕಂತೆ. ಕೆಮರಾ ಇರುವವನು ನಾನೊಬ್ಬನೇ ಅಂತ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಕೆಮರಾ ಜೊತೆಗೇ ಬಂದ ಕಿಟ್ ಲೆನ್ಸ್ ಇದೆ, ಒಂದು 55-250 ಜೂಮ್ ಲೆನ್ಸ್ ಇದೆ, ಸ್ವಲ್ಪ ಅಲುಗಾಡುವ ಟ್ರೈಪಾಡ್ ಇದೆ. ಬರೀ ಚೆಂದದ ಫೋಟೊ ಸಾಲದು, ಕೆಳಗೆ ಕಟ್ಟಡಗಳ ಕಥೆಯೂ ನಾಲ್ಕು ಸಾಲು ಬರಬೇಕು ಅಂತ ಸಂಪಾದಕರ ಕಟ್ಟಪ್ಪಣೆ. ಮಲಬಾರ್ ಹಿಲ್ ಮೇಲೆ ಕಮಲಾ ನೆಹರೂ ಪಾರ್ಕಿಗೆ ಹೋಗಿ ಮರೀನ್ ಡ್ರೈವ್ ತೆಗೆದರೆ ಮುಗೀತು ಅಂತ ನನ್ನ ಲೆಕ್ಕ. ಆದರೆ ಆ ಫೋಟೊ ಎಲ್ಲರ ಮನೆ ಕ್ಯಾಲೆಂಡರಿನಲ್ಲೂ ಇದೆ, ಅಲ್ವಾ? ಹಳೇ ಬೊಂಬಾಯಿ, ಹೊಸ ಮುಂಬಯಿ ಎರಡೂ ಒಂದೇ ಫ್ರೇಮಿನಲ್ಲಿ ಸಿಗುವ ಜಾಗ ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಫೋರ್ಟಿನ ಗುಮಾಸ್ತ

ಮಾಣಿ, ಒಂದೇ ಫ್ರೇಮಿನ ಆಸೆ ಬಿಡಿ. ಈ ಊರಿಗೆ ಒಂದೇ ಸ್ಕೈಲೈನ್ ಇಲ್ಲ. ಒಂದು ಕಾಲದವರು ಸಮುದ್ರಕ್ಕೆ ಮುಖ ಮಾಡಿ ಸಾಲಾಗಿ ಕಟ್ಟಿದರು. ಆಮೇಲೆ ಬಂದವರು ಸಮುದ್ರಕ್ಕೇ ಮಣ್ಣು ತುಂಬಿಸಿ, ಅವರ ಎದುರಿಗೇ ತಮ್ಮ ಸಾಲು ಎಬ್ಬಿಸಿದರು. ಹಿಂದಿನವರಿಗೆ ಕಡಲು ಹೋಯಿತು. ಹಳೇ ದಡ ಎಲ್ಲಿತ್ತು ಅಂತ ಮೊದಲು ತಿಳಿದುಕೊಳ್ಳಿ. ಕೆಮರಾ ಎಲ್ಲಿಡಬೇಕು ಅನ್ನೋದು ತಾನಾಗಿ ಗೊತ್ತಾಗುತ್ತದೆ.

ಚರ್ಚ್‌ಗೇಟ್ ಹತ್ತಿರದ ಓವಲ್ ಮೈದಾನದಿಂದ ಶುರು ಮಾಡಿ. ನಡುವೆ ನಿಂತು ಪೂರ್ವಕ್ಕೆ ನೋಡಿದರೆ ಬಲಗಡೆಯಿಂದ ಹಳೇ ಸೆಕ್ರೆಟೇರಿಯಟ್, ವಿಶ್ವವಿದ್ಯಾಲಯದ ಘಟಿಕೋತ್ಸವ ಭವನ, ಗ್ರಂಥಾಲಯದ ಜೊತೆ ರಾಜಾಬಾಯಿ ಗೋಪುರ, ಎಡಕ್ಕೆ ಹೈಕೋರ್ಟು. ಮೊದಲೆರಡು 1874ರಲ್ಲಿ ಮುಗಿದವು, ಕೊನೆಯವು 1878ರಲ್ಲಿ. ಆಗ ಇವುಗಳ ಎದುರು ಇದ್ದದ್ದು ಮೈದಾನ, ಅದರಾಚೆ ರೈಲು ಹಳಿ, ಅದರಾಚೆ ನೇರ ಸಮುದ್ರ. ಹಡಗಿನಲ್ಲಿ ಬ್ಯಾಕ್ ಬೇ, ಅಂದರೆ ಪಶ್ಚಿಮದ ಕೊಲ್ಲಿಯ ಕಡೆಯಿಂದ ನೋಡಿದವನಿಗೆ ಬೊಂಬಾಯಿ ಅಂದರೆ ಚೂಪು ಕಮಾನಿನ ಈ ಗಾಥಿಕ್ ಶೈಲಿಯ ಸಾಲೇ.

ದುಡ್ಡು ಎಲ್ಲಿಂದ ಬಂತು ಅನ್ನೋದು ಇನ್ನೂ ಸ್ವಾರಸ್ಯ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರೋದು ನಿಂತಿತು. ಎಲ್ಲರೂ ನಮ್ಮ ಹತ್ತಿಗೆ ಮುಗಿಬಿದ್ದರು. ಬೊಂಬಾಯಿಯಲ್ಲಿ ಹಣ ಸುರಿಯಿತು. ಅದೇ ಹೊತ್ತಿಗೆ ಗವರ್ನರ್ ಬಾರ್ಟಲ್ ಫ್ರೇರ್ ಹಳೇ ಕೋಟೆಯ ಗೋಡೆ ಕೆಡವಿಸಿದ. ಜಾಗವೂ ಸಿಕ್ಕಿತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಹತ್ತಿ ಬೆಲೆ ನೆಲಕ್ಕೆ ಬಿತ್ತು, ಬ್ಯಾಂಕುಗಳು ಮುಳುಗಿದವು. ಹತ್ತಿ ದಲ್ಲಾಳಿ ಪ್ರೇಮ್‌ಚಂದ್ ರಾಯ್‌ಚಂದ್ ಕೂಡ ಮುಳುಗಿದ. ಆದರೆ ಅವನು ಕೊಟ್ಟ ದಾನದಲ್ಲೇ ಅವನ ತಾಯಿ ರಾಜಾಬಾಯಿಯ ಹೆಸರಿನ ಗೋಪುರ 85 ಮೀಟರ್ ಎದ್ದು ನಿಂತಿತು. ನಕ್ಷೆ ಹಾಕಿದ ಗಿಲ್ಬರ್ಟ್ ಸ್ಕಾಟ್ ಜೀವಮಾನದಲ್ಲಿ ಒಮ್ಮೆಯೂ ಇಲ್ಲಿಗೆ ಬಂದವನಲ್ಲ.

ಈಗ ಅಲ್ಲೇ ಹಿಂದಕ್ಕೆ ತಿರುಗಿ. ಪಶ್ಚಿಮದ ಸಾಲು ಪೂರ್ತಿ 1930ರ ದಶಕದ್ದು. ದುಂಡು ಬಾಲ್ಕನಿ, ಕಿಟಕಿ ಮೇಲೆ ಹುಬ್ಬಿನ ಹಾಗೆ ಸಿಮೆಂಟಿನ ಸಜ್ಜಾ, ಗೇಟಿನ ಮೇಲೆ ಉದಯಿಸುವ ಸೂರ್ಯ. 1920ರ ದಶಕದಲ್ಲಿ ಸಮುದ್ರ ತುಂಬಿಸಿದ ನೆಲದ ಮೇಲೆ ಬಂದ ಆರ್ಟ್ ಡೆಕೊ ಇದು. ಗಾಥಿಕ್ ಸಾಲಿನ ಕಡಲು ನುಂಗಿದ್ದು ಇದೇ. 2018ರಲ್ಲಿ ಯುನೆಸ್ಕೊ ಎರಡನ್ನೂ ಒಟ್ಟಿಗೇ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು, ಒಟ್ಟು 94 ಕಟ್ಟಡ. ಜಗಳ ಆಡಿದವರಿಗೆ ಒಂದೇ ಸರ್ಟಿಫಿಕೇಟು!

ಕುಂದಾಪ್ರ ಕೆಮರಾ

ಗುಮಾಸ್ತರು ಕಥೆ ಹೇಳಿದರು, ನಾನು ಬೆಳಕಿನ ವಿಷಯ ಹೇಳುತ್ತೇನೆ. ಗಾಥಿಕ್ ಸಾಲಿನ ಮುಖ ಪಶ್ಚಿಮಕ್ಕೆ. ಬೆಳಿಗ್ಗೆ ಹೋದರೆ ಸೂರ್ಯ ಅದರ ಬೆನ್ನಿಗಿರುತ್ತಾನೆ, ಗೋಪುರ ಕಪ್ಪು ಕಡ್ಡಿ ಥರ ಬರುತ್ತದೆ. ಸಂಜೆ ನಾಲ್ಕೂವರೆ ಮೇಲೆ ಹೋಗಿ. ಆ ಕಂದು-ಹಳದಿ ಕುರ್ಲಾ ಕಲ್ಲಿಗೆ ಇಳಿಬಿಸಿಲು ಬಿದ್ದಾಗ ಬಣ್ಣವೇ ಬೇರೆ. ಡೆಕೊ ಸಾಲಿನ ಮುಖ ಮೈದಾನದ ಕಡೆ, ಅಂದರೆ ಪೂರ್ವಕ್ಕೆ. ಅದಕ್ಕೆ ಬೆಳಿಗ್ಗೆ ಏಳು-ಎಂಟರ ಬಿಸಿಲು. ಬೆಳಿಗ್ಗೆ 1930, ಸಂಜೆ 1870 ಅಂತ ನೆನಪಿಟ್ಟುಕೊಳ್ಳಿ ಮಾರಾಯ್ರೇ, ಇಷ್ಟೇ.

ಮರೀನ್ ಡ್ರೈವಿನ ಸಾಲು ಮಾತ್ರ ಸಮುದ್ರಕ್ಕೆ ಮುಖ ಮಾಡಿದೆ. ಅದಕ್ಕೂ ಸಂಜೆಯೇ ಸರಿ. ರಸ್ತೆಯ ನಡುಭಾಗದಲ್ಲಿ ನಿಂತರೆ ಬೇಸಿಗೆಯಲ್ಲಿ ಸೂರ್ಯ ಮಲಬಾರ್ ಹಿಲ್ ಹಿಂದೆ ಇಳಿಯುತ್ತಾನೆ, ಚಳಿಗಾಲದಲ್ಲಿ ಎಡಕ್ಕೆ ಸರಿದು ತೆರೆದ ಕಡಲಿಗೇ ಬೀಳುತ್ತಾನೆ. ಗುಡ್ಡ ಕಪ್ಪಾಗಿ ಬೇಕಾ, ನೀರು ಹೊಳೆಯಬೇಕಾ ಅಂತ ನೋಡಿಕೊಂಡು ತಿಂಗಳು ಆರಿಸಿ.

ಗೋಪುರ ಹಿಂದಕ್ಕೆ ವಾಲಿದ ಹಾಗೆ ಬರುತ್ತದೆ ಅಂತ ಎಲ್ಲರೂ ಗೊಣಗುತ್ತಾರೆ. ಕೆಮರಾವನ್ನು ಮೇಲಕ್ಕೆ ಎತ್ತಿದರೆ ಹಾಗೇ ಆಗೋದು. ಮೈದಾನದ ಈ ತುದಿಗೆ ಬಂದು, ಕೆಮರಾ ನೆಟ್ಟಗೆ ಇಟ್ಟು, ಕೆಳಗಿನ ಹುಲ್ಲನ್ನು ಆಮೇಲೆ ಕತ್ತರಿಸಿ. ದುಬಾರಿ ಲೆನ್ಸ್ ಬೇಡವೇ ಬೇಡ. ಮೈದಾನದಲ್ಲಿ ಕ್ರಿಕೆಟ್ ಇರುತ್ತದೆ. ಚೆಂಡು ಬಂದರೆ ಹಿಡಿದು ಕೊಡಿ, ಹುಡುಗರು ಜಾಗ ಬಿಡುತ್ತಾರೆ.

ಇನ್ನೊಂದು. ಡಿಸೆಂಬರ್-ಜನವರಿಯಲ್ಲಿ ಹೋಗಿ ಒದ್ದಾಡಬೇಡಿ. ಆಗ ಧೂಳು, ಹೊಗೆ ಎಲ್ಲ ಕೆಳಗೇ ಕೂತಿರುತ್ತದೆ, ಎರಡು ಕಿಲೋಮೀಟರ್ ಆಚೆಗೆ ಎಲ್ಲವೂ ಬೂದಿ ಬಣ್ಣ. ಮಳೆಗಾಲದಲ್ಲಿ ಒಂದು ಜಡಿ ಹೊಡೆದು ನಿಂತ ಮೇಲಿನ ಅರ್ಧ ಗಂಟೆ ಇದೆಯಲ್ಲ, ವರ್ಷದಲ್ಲೇ ಅಷ್ಟು ತಿಳಿಯಾದ ಗಾಳಿ ಸಿಗಲ್ಲ. ಸೆಪ್ಟೆಂಬರ್ ಕೊನೆಯೂ ಒಳ್ಳೇದು.

ಗಿರಣಿ ಮೊಮ್ಮಗ

ಎಲ್ಲರೂ ಚರ್ಚ್‌ಗೇಟ್ ಸುತ್ತಲೇ ಗಿರಕಿ ಹೊಡೆಯುತ್ತಿದ್ದೀರಿ. ಈಗಿನ ಮುಂಬಯಿಯ ಸ್ಕೈಲೈನ್ ಅಂದರೆ ಲೋವರ್ ಪರೇಲ್, ವರ್ಲಿ. ಬಾಂದ್ರಾ ಕೋಟೆಗೆ ಹೋಗಿ ದಕ್ಷಿಣಕ್ಕೆ ನೋಡಿ. ಮುಂದೆ ಸೀ ಲಿಂಕ್, ಹಿಂದೆ ಗೋಪುರಗಳ ಕಾಡು. ಕೋಟೆ 1640ರ ಪೋರ್ಚುಗೀಸರದ್ದು, ಸೇತುವೆ 2009ರದ್ದು. ನಿಮಗೆ ಬೇಕಿದ್ದ ಹಳೇದು-ಹೊಸದು ಅಲ್ಲೇ ಇದೆ.

ಆದರೆ ಆ ಗೋಪುರಗಳ ಕೆಳಗೆ ಏನಿತ್ತು ಅಂತ ಬರೆಯದೆ ಫೋಟೊ ಹಾಕಬೇಡಿ. ಅದು ಗಿರಣಗಾಂವ್, ಗಿರಣಿಗಳ ಊರು. ಈ ಊರಿನ ಮೊದಲ ಹತ್ತಿ ಗಿರಣಿಯ ಕಂಪನಿ ಶುರುವಾದದ್ದು 1854ರಲ್ಲಿ, ತಾರ್ದೇವ್‌ನಲ್ಲಿ, ಕಾವಸ್‌ಜಿ ದಾವರ್ ಅವರದ್ದು. ನಮ್ಮ ಅಜ್ಜ ಪರೇಲಿನ ಗಿರಣಿಯೊಂದರಲ್ಲಿ ಮಗ್ಗದ ಖಾತೆಯಲ್ಲಿದ್ದರು. ಕಿವಿ ಮಂದ. ಮಗ್ಗದ ಸದ್ದಿಗೆ ಹಾಗಾಗಿತ್ತು. ಮನೆಯಲ್ಲಿ ಎಲ್ಲರೂ ಅವರ ಹತ್ತಿರ ಕೂಗಿಯೇ ಮಾತಾಡಬೇಕಿತ್ತು, ಅವರು ಮಾತ್ರ ತುಟಿ ನೋಡಿ ಅರ್ಧ ಮಾತು ತಿಳಿದುಕೊಳ್ಳುತ್ತಿದ್ದರು. ಗಿರಣಿಯಲ್ಲಿ ಕಲಿತ ವಿದ್ಯೆ.

1982ರ ಜನವರಿ 18ಕ್ಕೆ ಮುಷ್ಕರ ಶುರು. ದತ್ತಾ ಸಾಮಂತ್ ಮುಂದಾಳು. ಸುಮಾರು ಎರಡೂವರೆ ಲಕ್ಷ ಜನ ಕೆಲಸ ಬಿಟ್ಟು ಹೊರಗೆ ಬಂದರು. ಆ ಮುಷ್ಕರ ಮುಗಿಯಿತು ಅಂತ ಯಾರೂ ಘೋಷಿಸಲಿಲ್ಲ, ಗಿರಣಿಗಳೇ ಒಂದೊಂದಾಗಿ ಮುಗಿದವು. 1991ರಲ್ಲಿ ಒಂದು ನಿಯಮ ಬಂತು: ಗಿರಣಿ ಜಾಗ ಮಾರುವುದಾದರೆ ಮೂರು ಪಾಲು ಮಾಡಿ. ಒಂದು ಊರಿನ ಮೈದಾನ-ಉದ್ಯಾನಕ್ಕೆ, ಒಂದು ಸಾರ್ವಜನಿಕ ವಸತಿಗೆ, ಒಂದು ಮಾಲೀಕರಿಗೆ. 2001ರಲ್ಲಿ ಅದನ್ನೇ ತಿದ್ದಿದರು. ಖಾಲಿ ಬಿದ್ದ ಜಾಗ ಮಾತ್ರ ಲೆಕ್ಕ, ಶೆಡ್ಡು ನಿಂತ ಜಾಗ ಲೆಕ್ಕಕ್ಕಿಲ್ಲ. ಗಿರಣಿಯಲ್ಲಿ ಖಾಲಿ ಜಾಗ ಎಷ್ಟಿರುತ್ತೆ ಹೇಳಿ? ಎಲ್ಲ ಶೆಡ್ಡೇ. ಊರಿನ ಪಾಲು ಕರಗಿಹೋಯಿತು. 2006ರಲ್ಲಿ ಸುಪ್ರೀಂ ಕೋರ್ಟೂ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನೀವು ಬಾಂದ್ರಾದಿಂದ ನೋಡುವ ಸ್ಕೈಲೈನಿನ ಗೆರೆ ಆ ತಿದ್ದುಪಡಿ ಎಳೆದದ್ದು.

ಹತ್ತಿರ ಹೋದರೆ ಫೀನಿಕ್ಸ್ ಮಾಲಿನ ಒಳಗೆ ಹಳೇ ಚಿಮಣಿ ಉಳಿಸಿಕೊಂಡಿದ್ದಾರೆ. ಅದನ್ನೂ ಒಂದು ತೆಗೆಯಿರಿ.

ಪೊವಾಯಿ ಪೋರ

ಗೌರವ ಇಟ್ಟುಕೊಂಡೇ ಹೇಳುತ್ತೇನೆ ಅಣ್ಣ. ಹಳೇದೆಲ್ಲ ಕಲೆ, ಹೊಸದೆಲ್ಲ ಪಾಪ ಅನ್ನೋ ಧಾಟಿ ನನಗೆ ಹಿಡಿಸಲ್ಲ. ಆರ್ಟ್ ಡೆಕೊ ಬಂದಾಗಲೂ ಹಳಬರು ಮೂಗು ಮುರಿದಿರುತ್ತಾರೆ. ವರ್ಲಿಯ ಗಾಜಿನ ಗೋಪುರ ಮುಸ್ಸಂಜೆ ನೀಲಿ ಬೆಳಕಿನಲ್ಲಿ ಎಷ್ಟು ಚೆಂದ ಗೊತ್ತಾ? ನನಗೆ ಅದರ ಎತ್ತರದ ಕಥೆಯೇ ಇಷ್ಟ. ಶ್ರೀನಿವಾಸ್ ಮಿಲ್ ಜಾಗದ ವರ್ಲ್ಡ್ ಒನ್ 442 ಮೀಟರ್ ಆಗಬೇಕಿತ್ತು. ವಿಮಾನ ಹಾರಾಟದ ಎತ್ತರಕ್ಕೆ ಅನುಮತಿ ಸಿಗದೆ 280ಕ್ಕೆ ನಿಂತಿತು. ಸ್ಕೈಲೈನಿನ ಮೇಲ್ಗೆರೆಯನ್ನು ವಿಮಾನ ನಿಲ್ದಾಣ ಹಾಕುತ್ತದೆ ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಮತ್ತೆ 1970, 80ರ ಕಟ್ಟಡಗಳ ಹೆಸರೇ ಯಾರೂ ಎತ್ತುತ್ತಿಲ್ಲ. ಕಂಬಾಲಾ ಹಿಲ್ ಮೇಲಿನ ಕಾಂಚನ್‌ಜುಂಗಾ ನೋಡಿ. ಚಾರ್ಲ್ಸ್ ಕೊರಿಯಾ ಅವರದ್ದು, 1983ರಲ್ಲಿ ಮುಗಿದದ್ದು, 28 ಅಂತಸ್ತು. ಮುಂಬಯಿಯಲ್ಲಿ ಸಮುದ್ರ ಇರೋದು ಪಶ್ಚಿಮಕ್ಕೆ, ಗಾಳಿ ಬರೋದೂ ಅಲ್ಲಿಂದಲೇ. ಆದರೆ ಮಧ್ಯಾಹ್ನದ ಸುಡು ಬಿಸಿಲು, ಮಳೆಯ ಎರಚಲು ಕೂಡ ಅದೇ ಕಡೆಯಿಂದ. ಕೊರಿಯಾ ಏನು ಮಾಡಿದರು? ಹಳೇ ಬಂಗಲೆಯ ಜಗಲಿಯನ್ನು ಎತ್ತಿ ಆಕಾಶದಲ್ಲಿಟ್ಟರು. ಮೂಲೆಗಳಲ್ಲಿ ಎರಡಂತಸ್ತು ಎತ್ತರದ ತೆರೆದ ಜಗಲಿ, ಮನೆ ಅದರ ಹಿಂದೆ ಒಳಗೆ. ಜೂಮ್ ಹಾಕಿ ಆ ಮೂಲೆಗಳನ್ನು ಹಿಡಿದರೆ ಬಿಳಿ ಕಟ್ಟಡದಲ್ಲಿ ಚೌಕಟ್ಟಾದ ಬಣ್ಣದ ಖಾನೆಗಳು ಸಿಗುತ್ತವೆ. ಈಗಿನ ಗಾಜಿನ ಗೋಪುರದವರು ಅದನ್ನು ಕಲಿಯಲಿಲ್ಲ ಅಂತ ಬೈಯಿರಿ, ಒಪ್ಪುತ್ತೇನೆ.

ಫೋರ್ಟಿನ ಗುಮಾಸ್ತ

ಪೋರ ಹೇಳಿದ್ದು ನ್ಯಾಯ. ನರಿಮನ್ ಪಾಯಿಂಟಿನ ಎಕ್ಸ್‌ಪ್ರೆಸ್ ಟವರ್ಸ್ 1972, ಏರ್ ಇಂಡಿಯಾ ಕಟ್ಟಡ 1974. ಐವತ್ತು ದಾಟಿದೆ, ಇನ್ನೂ ಯಾರೂ ಅವನ್ನು ಪರಂಪರೆ ಅನ್ನಲ್ಲ.

ನರಿಮನ್ ಪಾಯಿಂಟ್ ಹೆಸರಿನ ತಮಾಷೆ ನಿಮ್ಮ ಸಂಚಿಕೆಗೆ ಹೇಳಿ ಮಾಡಿಸಿದ್ದು. 1920ರ ದಶಕದಲ್ಲಿ ಗವರ್ನರ್ ಲಾಯ್ಡ್ ಕಾಲದ ಬ್ಯಾಕ್ ಬೇ ಯೋಜನೆಯಲ್ಲಿ ಹಣ ನೀರಿನಂತೆ ಹೋಯಿತು, ಅಂದುಕೊಂಡಷ್ಟು ನೆಲ ಮಾತ್ರ ಏಳಲಿಲ್ಲ. ಆ ಅವ್ಯವಹಾರವನ್ನು ಬಯಲಿಗೆಳೆದವರು ವಕೀಲ ಕೆ. ಎಫ್. ನರಿಮನ್. ಯೋಜನೆಯ ಎಂಜಿನಿಯರ್ ಮಾನನಷ್ಟದ ಕೇಸು ಹಾಕಿದ. ಗೆದ್ದದ್ದು ನರಿಮನ್. ಸಮುದ್ರ ತುಂಬಿಸುವ ಹಗರಣದ ವಿರುದ್ಧ ಹೋರಾಡಿದವರ ಹೆಸರನ್ನು ಸಮುದ್ರ ತುಂಬಿಸಿ ಮಾಡಿದ ಜಾಗಕ್ಕೇ ಇಟ್ಟರು. ಈಗ ಕೋಸ್ಟಲ್ ರೋಡ್ ಬಂತು, 2024ರಲ್ಲಿ ಮೊದಲ ಭಾಗ ತೆರೆಯಿತು. ಬ್ರೀಚ್ ಕ್ಯಾಂಡಿ, ವರ್ಲಿಯವರ ಕಡಲು ಮತ್ತೊಂದು ಹೆಜ್ಜೆ ಹಿಂದಕ್ಕೆ ಹೋಯಿತು. ಕಥೆ ಮುಂದುವರಿದಿದೆ.

ಮುಲುಂಡಿನ ಅಕ್ಕ

ಪೂರ್ವದ ಕಡೆ ಯಾಕೆ ಮರೆತಿರಿ? ಎಲಿಫೆಂಟಾ ದೋಣಿ ಹತ್ತಿ ಹಿಂದಕ್ಕೆ ತಿರುಗಿ ಕೂತರೆ ತಾಜ್, ಗೇಟ್‌ವೇ, ಅದರ ಹಿಂದೆ ಷೇರು ಪೇಟೆಯ ಗೋಪುರ ಎಲ್ಲ ಒಂದೇ ಸಾಲಿಗೆ ಬರುತ್ತವೆ. ಬೆಳಗಿನ ಬಿಸಿಲು ನೇರ ಮುಖಕ್ಕೆ. ಅಂದ ಹಾಗೆ, ತಾಜ್ ಕಟ್ಟಡವನ್ನು ಹಿಂದುಮುಂದಾಗಿ ಕಟ್ಟಿಬಿಟ್ಟರಂತೆ, ಅದನ್ನು ನೋಡಿ ನಕ್ಷೆ ಹಾಕಿದ ಇಂಗ್ಲಿಷಿನವನು ಜೀವ ಕಳಕೊಂಡನಂತೆ. ನಮ್ಮ ಮಾವನವರು ಹೇಳುತ್ತಿದ್ದರು.

ಫೋರ್ಟಿನ ಗುಮಾಸ್ತ

ಅಕ್ಕ, ಆ ಕಥೆ ಪ್ರತಿ ಗೈಡಿನ ಬಾಯಲ್ಲೂ ಇದೆ. ಸಂಚಿಕೆಗೆ ಮಾತ್ರ ಬೇಡ. ನಕ್ಷೆ ಶುರು ಮಾಡಿದವರು ನಮ್ಮವರೇ, ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ. ಮುಗಿಸಿದ್ದು ಡಬ್ಲ್ಯು. ಎ. ಚೇಂಬರ್ಸ್. ಬಾಗಿಲು ಊರಿನ ಕಡೆ ಇಟ್ಟದ್ದು ಬೇಕಂತಲೇ. ಗಾಡಿಗಳು ಬರುತ್ತಿದ್ದದ್ದು ಆ ಕಡೆಯಿಂದ.

ಇಸವಿ ನೋಡಿ, ಅದೇ ಚೆಂದ. ತಾಜ್ ತೆರೆದದ್ದು 1903ರಲ್ಲಿ, ಗೇಟ್‌ವೇ 1924ರಲ್ಲಿ. ಅಂದರೆ ಇಪ್ಪತ್ತೊಂದು ವರ್ಷ ಗೇಟ್‌ವೇಗಿಂತ ತಾಜೇ ಹಿರಿಯ. ಯಾರ ನೆನಪಿಗೆ ಗೇಟ್‌ವೇ ಕಟ್ಟಿದರೋ ಆ ರಾಜ 5ನೇ ಜಾರ್ಜ್ 1911ರಲ್ಲಿ ಬಂದಿಳಿದಾಗ ಕಲ್ಲಿನ ಕಮಾನು ಇರಲೇ ಇಲ್ಲ, ರಟ್ಟಿನದ್ದು ನಿಲ್ಲಿಸಿದ್ದರು. 1948ರ ಫೆಬ್ರವರಿ 28ಕ್ಕೆ ಕೊನೆಯ ಬ್ರಿಟಿಷ್ ಪಡೆ ಹೊರಟದ್ದು ಮಾತ್ರ ಕಲ್ಲಿನ ಕಮಾನಿನ ಕೆಳಗಿಂದಲೇ.

ಕುಂದಾಪ್ರ ಕೆಮರಾ

ದೋಣಿಯಲ್ಲಿ ಟ್ರೈಪಾಡ್ ಕೆಲಸಕ್ಕೆ ಬರಲ್ಲ. ಎಂಜಿನ್ನಿನ ನಡುಕ ಸೀದಾ ಕೆಮರಾಕ್ಕೆ ಏರುತ್ತದೆ. ಕೈಯಲ್ಲೇ ಹಿಡಿದು, ಶಟರ್ ವೇಗ 1/500 ಸೆಕೆಂಡಿಗಿಂತ ಹೆಚ್ಚು ಇಡಿ. ಒಂದು ಮೆತ್ತನೆ ಬಟ್ಟೆ ಜೇಬಿನಲ್ಲಿರಲಿ. ಉಪ್ಪಿನ ಹನಿ ಒಣಗಿದರೆ ಲೆನ್ಸ್ ಮೇಲೆ ಬಿಳಿ ಚುಕ್ಕೆ ಆಗುತ್ತದೆ. ಸುಮ್ನೆ ಉಜ್ಜಿದರೆ ಗೀರು ಬೀಳುತ್ತದೆ, ಮೊದಲು ಬಾಯಿಯ ಹಬೆ ಕೊಟ್ಟು ಮೆತ್ತಗೆ ಮಾಡಿ ಒರೆಸಿ. ಸೋಮವಾರ ಹೋಗಬೇಡಿ, ಎಲಿಫೆಂಟಾ ಗುಹೆ ಮುಚ್ಚಿರುತ್ತದೆ.

ಮರೀನ್ ಡ್ರೈವಿನ ರಾತ್ರಿ ಫೋಟೊಗೆ ಒಂದು ಮಾತು. ಮೊದಲು ಸೋಡಿಯಂ ದೀಪ ಇತ್ತು, ಕ್ವೀನ್ಸ್ ನೆಕ್ಲೇಸ್ ಅಂತ ಕರೆಯುವ ಅಲ್ಲಿನ ದೀಪದ ಸಾಲು ಹಳದಿ ಚಿನ್ನದ ಸರವೇ. 2015ರ ಹೊತ್ತಿಗೆ ಬಿಳಿ ಎಲ್‌ಇಡಿ ಹಾಕಿದರು. ಊರೆಲ್ಲ ಗಲಾಟೆ. ಆಮೇಲೆ ಹಳದಿ ಛಾಯೆ ವಾಪಸ್ ಬಂತು. ಕೆಮರಾ ಆಟೊದಲ್ಲಿದ್ದರೆ ಆ ಹಳದಿಯನ್ನು ತಾನೇ ಬಿಳಿ ಮಾಡಿಬಿಡುತ್ತದೆ. ವೈಟ್ ಬ್ಯಾಲೆನ್ಸನ್ನು ಡೇಲೈಟಿಗೆ ಕಟ್ಟಿಹಾಕಿ. ಸೂರ್ಯ ಮುಳುಗಿದ ಮೇಲೆ ಇಪ್ಪತ್ತು ನಿಮಿಷ ಕಾಯಿರಿ. ಆಕಾಶ, ದೀಪ ಎರಡರ ಬೆಳಕೂ ಸಮಕ್ಕೆ ಬರುತ್ತದೆ.

ಠಾಣೆ ಲೋಕಲ್

ಡ್ರೋನ್ ಹಾರಿಸಿದರೆ ಇಷ್ಟೆಲ್ಲ ತಲೆನೋವೇ ಇಲ್ಲವಲ್ಲ?

ಕುಂದಾಪ್ರ ಕೆಮರಾ

ಪೊಲೀಸ್ ಠಾಣೆಯಲ್ಲಿ ಕೂರುವ ಮನಸ್ಸಿದ್ದರೆ ಹಾರಿಸಿ. ದಕ್ಷಿಣ ಮುಂಬಯಿಯಲ್ಲಿ ನೌಕಾಪಡೆ, ರಾಜಭವನ, ಮಂತ್ರಾಲಯ ಎಲ್ಲ ಒತ್ತೊತ್ತಾಗಿವೆ. ಅನುಮತಿ ಇಲ್ಲದೆ ಡ್ರೋನ್ ಮಾತೇ ಬೇಡ.

ಎತ್ತರ ಬೇಕಿದ್ದರೆ ಬೇರೆ ದಾರಿ ಇದೆ. ಒಂದು ಹೌಸಿಂಗ್ ಸೊಸೈಟಿಯ ಟೆರೇಸಿಗೆ ಹತ್ತಲು ಅರ್ಜಿ ಕೊಟ್ಟೆ. ಸೆಕ್ರೆಟರಿ ಎನ್‌ಒಸಿ ತಾ ಅಂದರು, ತಂದೆ. ಕಮಿಟಿ ಒಪ್ಪಬೇಕು ಅಂದರು. ಕಮಿಟಿ ಕೂರುವ ಹೊತ್ತಿಗೆ ಮಳೆಗಾಲವೇ ಮುಗಿದಿತ್ತು. ಕೊನೆಗೆ ನರಿಮನ್ ಪಾಯಿಂಟಿನ ಆಫೀಸ್ ಕಟ್ಟಡವೊಂದರಲ್ಲಿ ಕ್ಯಾಂಟೀನ್ ನಡೆಸುವ ನಮ್ಮೂರಿನವರು ಮ್ಯಾನೇಜರ್ ಹತ್ತಿರ ಮಾತಾಡಿ ಕರೆದುಕೊಂಡು ಹೋದರು. ಪಾಸ್ ಮಾಡಿಸಿಯೇ ಹೋದದ್ದು. ಈ ಊರಿನ ಯಾವ ಗೋಪುರಕ್ಕೆ ಹೋದರೂ ಒಳಗೆ ಒಂದು ಇಡ್ಲಿ ಸಾಂಬಾರಿನ ವಾಸನೆ, ಒಬ್ಬ ಕನ್ನಡದವರು ಸಿಗುತ್ತಾರೆ. ಅವರನ್ನು ಹಿಡಿಯಿರಿ.

ಮುಲುಂಡಿನ ಅಕ್ಕ

ವಿ.ಟಿ. ರೈಲು ನಿಲ್ದಾಣ, ಅಂದರೆ ವಿಕ್ಟೋರಿಯಾ ಟರ್ಮಿನಸ್, ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಬಿಡಬೇಡಿ ಮಾಣಿ. ಎಫ್. ಡಬ್ಲ್ಯು. ಸ್ಟೀವನ್ಸ್ ಅವರದ್ದು, 1878ಕ್ಕೆ ಶುರುವಾಗಿ ಹತ್ತು ವರ್ಷ ಹಿಡಿಯಿತು. ಎದುರಿನ ಬಿಎಂಸಿ, ಅಂದರೆ ಮಹಾನಗರಪಾಲಿಕೆಯ ಕಟ್ಟಡವೂ ಅವರದ್ದೇ, 1893ರದ್ದು. ಎರಡರ ಗುಮ್ಮಟ ಒಂದೇ ಫ್ರೇಮಿಗೆ ಬರುವ ಹಾಗೆ ನಿಂತುಕೊಳ್ಳಿ. ಆಮೇಲೆ ಕೊಲಾಬಾಕ್ಕೆ ಬಂದು ರೀಗಲ್ ಸಿನಿಮಾ ನೋಡಿ, 1933ರ ಆರ್ಟ್ ಡೆಕೊ. ಅದರ ನಕ್ಷೆ ಇದೇ ಸ್ಟೀವನ್ಸ್ ಅವರ ಮಗ ಚಾರ್ಲ್ಸ್ ಅವರದ್ದು. ಅಪ್ಪ-ಮಗ ಇಬ್ಬರನ್ನೂ ಎದುರುಬದುರು ಪುಟದಲ್ಲಿ ಹಾಕಿದರೆ ಯಾರೂ ಉದ್ದ ಬರೆಯೋದೇ ಬೇಡ.

ವಿ.ಟಿ.ಯಲ್ಲಿ ಬರೀ ಅಗಲದ ಫೋಟೊ ತೆಗೆದು ಓಡಿಬರಬೇಡಿ. ಗೇಟಿನ ಕಂಬದ ಮೇಲೆ ಒಂದು ಕಡೆ ಸಿಂಹ, ಒಂದು ಕಡೆ ಹುಲಿ. ಸಿಂಹ ಬ್ರಿಟನ್, ಹುಲಿ ನಾವು. ಗೋಡೆಯ ಕೆತ್ತನೆ ಮಾಡಿದ್ದು ಜೆ. ಜೆ. ಕಲಾ ಶಾಲೆಯ ಹುಡುಗರು. ನಿಮ್ಮ 250ರ ಲೆನ್ಸ್ ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಫೋರ್ಟಿನ ಗುಮಾಸ್ತ

ಮಾಟುಂಗಾದವರು ಮಾಟುಂಗಾದ ಫೋಟೊ ಕೇಳಲೇ ಇಲ್ಲ! 1896ರಲ್ಲಿ ಪ್ಲೇಗ್ ಬಂತು. ಊರಿನ ಇಕ್ಕಟ್ಟು ಬಿಡಿಸಬೇಕು ಅಂತ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿದರು. ದಾದರ್-ಮಾಟುಂಗಾ ಬಡಾವಣೆ ಅವರು ಹಾಕಿದ್ದು. ಅಗಲ ರಸ್ತೆ, ನಡುವೆ ಫೈವ್ ಗಾರ್ಡನ್ಸ್, ಕಟ್ಟಡಗಳ ನಡುವೆ ಗಾಳಿಗೆ ಜಾಗ. 1930, 40ರ ದಶಕದಲ್ಲಿ ಅಲ್ಲೂ ಡೆಕೊ ಕಟ್ಟಡಗಳೇ ಎದ್ದವು. ದಕ್ಷಿಣದಿಂದ ಬಂದ ನಮ್ಮ ಹಿರಿಯರು ಬಾಡಿಗೆ ಹಿಡಿದದ್ದು ಅವುಗಳಲ್ಲೇ. ಮರೀನ್ ಡ್ರೈವಿನವರ ಹತ್ತಿರ ಇರುವ ದುಂಡು ಬಾಲ್ಕನಿ ನಮ್ಮಜ್ಜಿ ಹಪ್ಪಳ ಒಣಗಿಸುತ್ತಿದ್ದ ಬಾಲ್ಕನಿಯೂ ಹೌದು. ಬೇಗ ಹೋಗಿ. ಬೀದಿಗೊಂದು ಕಡೆ ನೀಲಿ ತಗಡು ಬಿದ್ದಿದೆ. ತಗಡು ಬಿತ್ತು ಅಂದರೆ ರೀಡೆವಲಪ್‌ಮೆಂಟ್ ಶುರು.

ಮಾಟುಂಗಾ ಮಾಣಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 250 ಲೆನ್ಸ್ ಹಿಡಿದುಕೊಂಡು ಬಾಂದ್ರಾ ಕೋಟೆಗೆ ಹೋಗಿಬಂದೆ, ವರ್ಲಿ ಚೆನ್ನಾಗಿ ಸಿಕ್ಕಿದೆ. ಓವಲ್ಲಿನ ಎರಡೂ ಸಾಲು, ಮಾಟುಂಗಾದ ಬಾಲ್ಕನಿ ಇನ್ನೂ ತೆಗೆಯಬೇಕು.

ಒಂದು ಫಜೀತಿ ಬಂದಿದೆ. ಸಂಚಿಕೆಗೆ ಒಬ್ಬ ಬಿಲ್ಡರ್ ಪುಟ ತುಂಬಾ ಜಾಹೀರಾತು ಕೊಟ್ಟಿದ್ದಾರೆ. ವರ್ಲಿ ಫೋಟೊ ಕೆಳಗೆ ಮುಷ್ಕರ, 2001ರ ತಿದ್ದುಪಡಿ ಅಂತೆಲ್ಲ ಬರೆದರೆ ಅವರಿಗೆ ಬೇಜಾರಾಗುತ್ತದೆ, 'ಬೆಳೆಯುತ್ತಿರುವ ಮಹಾನಗರಿ' ಅಂತ ಬರೆದು ಮುಗಿಸು ಅಂತ ಸಂಪಾದಕರು ಹೇಳುತ್ತಿದ್ದಾರೆ. ಏನು ಮಾಡಲಿ?

ಪೊವಾಯಿ ಪೋರ

ಗೋಪುರ ಇಷ್ಟಪಡುವವನು ನಾನು. ನಾನೇ ಹೇಳುತ್ತೇನೆ, ಆ ಸಾಲು ಹಾಕಬೇಡಿ. ಯಾವ ಊರಿನ ಫೋಟೊ ಕೆಳಗೆ ಬೇಕಾದರೂ ಅಂಟಿಸಬಹುದು ಅದನ್ನು.

ಗಿರಣಿ ಮೊಮ್ಮಗ

ಬೈಗುಳ ಬೇಡ, ಇಸವಿ ಸಾಕು. ಹೀಗೆ ಬರೆಯಿರಿ: 'ಬಾಂದ್ರಾ ಕೋಟೆಯಿಂದ ವರ್ಲಿ, ಲೋವರ್ ಪರೇಲ್. ಈ ಗೋಪುರಗಳಲ್ಲಿ ಹಲವು ನಿಂತಿರುವುದು 1982ರ ಮುಷ್ಕರದ ಬಳಿಕ ಮುಚ್ಚಿದ ಹತ್ತಿ ಗಿರಣಿಗಳ ಜಾಗದಲ್ಲಿ.' ಇದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದು ಏನಿದೆ? ಸದಸ್ಯರಲ್ಲೇ ಎಷ್ಟು ಮನೆಯವರು ಗಿರಣಿ ಕ್ಯಾಂಟೀನಿನಲ್ಲಿ, ಗಿರಣಿ ಆಫೀಸಿನಲ್ಲಿ ದುಡಿದವರಿದ್ದಾರೆ ಅಂತ ಸಂಪಾದಕರನ್ನು ಒಮ್ಮೆ ಕೇಳಿ ನೋಡಿ.

ಮುಲುಂಡಿನ ಅಕ್ಕ

ಜಾಹೀರಾತು ಕೊನೆಯ ಪುಟಕ್ಕೆ ಹೋಗಲಿ, ಫೋಟೊ ಒಳಗಿರಲಿ, ಎರಡೂ ಒಂದನ್ನೊಂದು ನೋಡುವುದಿಲ್ಲ. ಮೊಮ್ಮಗ ಕೊಟ್ಟ ಸಾಲನ್ನೇ ಕಳಿಸಿ. ಸಂಪಾದಕರು ಒಪ್ಪದಿದ್ದರೆ ವಿಷಯವನ್ನು ಕಮಿಟಿ ಮೀಟಿಂಗಿಗೆ ಹಾಕಿಸಿ. ನಾನೂ ಆ ಸಂಘದ ಮೆಂಬರೇ, ಬಂದು ಕೂರುತ್ತೇನೆ.